ಮಂಗಳದ ಪದರಗುಡ್ಡಗಳು: ಹೂಳು ಕಲ್ಲಾದದ್ದು, ಕಲ್ಲು ಧೂಳಾದದ್ದು

ಮಂಗಳ ಗ್ರಹದ ಗೇಲ್ ಕುಳಿ ಸುಮಾರು 154 ಕಿ.ಮೀ. ಅಗಲದ ಬೋಗುಣಿ. ಅದರ ನಡುವೆ, ತಳದಿಂದ ಸುಮಾರು 5 ಕಿ.ಮೀ. ಎತ್ತರಕ್ಕೆ, ಶಾರ್ಪ್ ಬೆಟ್ಟ ನಿಂತಿದೆ. ಕ್ಷುದ್ರಗ್ರಹ ಬಡಿದಾಗ ಕುಳಿಯ ನಡುವೆ ಉಬ್ಬಿ ನಿಲ್ಲುವ ಶಿಖರ ಇಷ್ಟು ಎತ್ತರ ಬೆಳೆಯುವುದಿಲ್ಲ. ಇದು ಜ್ವಾಲಾಮುಖಿಯೂ ಅಲ್ಲ. ಬುಡದಿಂದ ಮೇಲಕ್ಕೆ ಕಾಣುವುದೆಲ್ಲ ಒಂದರ ಮೇಲೊಂದು ಕೂತ ಪದರಗಳು. ಬೆಟ್ಟದ ತುದಿಯಂತೂ ಕುಳಿಯ ಉತ್ತರದ ಅಂಚಿಗಿಂತ ಮೇಲಿದೆ. ತೊಡಕು ಇಲ್ಲೇ ಇದೆ: ಬೋಗುಣಿಯಲ್ಲಿ ನಿಂತ ನೀರಿನಿಂದ ಇಳಿದ ಹೂಳು ಬೋಗುಣಿಯ ಅಂಚನ್ನು ಮೀರಿ, ನಡುವೆ ಮಾತ್ರ ಗೋಪುರದಂತೆ ಏಳಲಾರದು. ಹಾಗಾದರೆ ಒಂದೋ ಬೋಗುಣಿ ಹಿಂದೊಮ್ಮೆ ತುಂಬಿತ್ತು, ಸುತ್ತಲಿನದನ್ನು ಯಾವುದೋ ಶಕ್ತಿ ತಿಂದುಹಾಕಿ ನಡುವನ್ನು ಉಳಿಸಿತು. ಇಲ್ಲವೇ ಮೇಲಿನ ಪದರಗಳನ್ನು ಕಟ್ಟಿದ್ದು ನೀರಲ್ಲ.

ಪದರಗಳನ್ನು ಕಂಡ ಕೂಡಲೇ ‘ಇಲ್ಲಿ ಕೆರೆಯಿತ್ತು’ ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಪ್ರತಿ ಪದರಕ್ಕೂ ಮೂರು ಬೇರೆ ಬೇರೆ ಪ್ರಶ್ನೆ ಕೇಳಬೇಕು. ಕಣಗಳನ್ನು ತಂದು ಹಾಕಿದ್ದು ಯಾವುದು? ಅವನ್ನು ಒಂದಕ್ಕೊಂದು ಅಂಟಿಸಿದ್ದು ಯಾವುದು? ಈಗ ನಮ್ಮ ಕಣ್ಣಿಗೆ ಬೀಳುವಂತೆ ಕೊರೆದು ತೆರೆದದ್ದು ಯಾವುದು? ಈ ಮೂರು ಕೆಲಸಗಳ ನಡುವೆ ನೂರಾರು ಕೋಟಿ ವರ್ಷಗಳ ಅಂತರ ಇರಬಹುದು. ಮೊದಲನೆಯ ಪ್ರಶ್ನೆಯ ಬಗ್ಗೆ ಎಲ್ಲರೂ ಬರೆಯುತ್ತಾರೆ. ನಮ್ಮ ಮಟ್ಟಿಗೆ ಹೆಚ್ಚು ತೂಕದ್ದು ಎರಡನೆಯದು. ಯಾವ ಪದರ ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂಬುದನ್ನು ಬಹುಪಾಲು ಅಂಟೇ ತೀರ್ಮಾನಿಸುತ್ತದೆ.

ಕಣ ಕೂರುವ ಬಗೆ

ಒಂದೇ ಬಗೆಯ ಕಣ ಒಂದೇ ವೇಗದಲ್ಲಿ ಬೀಳುತ್ತಲೇ ಇದ್ದರೆ ಪದರ ಮೂಡುವುದೇ ಇಲ್ಲ, ಗೆರೆಯಿಲ್ಲದ ದಪ್ಪ ಗಟ್ಟಿ ಮೂಡುತ್ತದೆ. ಗೆರೆ ಕಾಣಬೇಕಾದರೆ ಏನಾದರೂ ಬದಲಾಗಬೇಕು: ಹರಿವಿನ ವೇಗ, ಕಣದ ಗಾತ್ರ, ಖನಿಜ, ಅಥವಾ ನಡುವೆ ಒಂದು ಬಿಡುವು. ಹೀಗಾಗಿ ಪ್ರತಿ ಗೆರೆಯೂ ಒಂದು ಬದಲಾವಣೆಯ ಗುರುತು.

ನಿಂತ ನೀರಿನಲ್ಲಿ ಹೂಳು ಇಳಿಯುವುದನ್ನು ಲೆಕ್ಕ ಹಾಕಿ ನೋಡಬಹುದು. 0.01 ಮಿ.ಮೀ. ವ್ಯಾಸದ ಕಣವೊಂದು 10 ಮೀಟರ್ ಆಳದ ನೀರಿನಲ್ಲಿ ತಳ ಸೇರಲು ಭೂಮಿಯಲ್ಲಿ ಸುಮಾರು 31 ಗಂಟೆ ಬೇಕು. ಮಂಗಳದ ಗುರುತ್ವ ಸೆಕೆಂಡಿಗೆ ಸೆಕೆಂಡಿಗೆ 3.71 ಮೀಟರ್, ಅಂದರೆ ಭೂಮಿಯದರ ಶೇ 38ರಷ್ಟು. ಅದೇ ಕಣಕ್ಕೆ ಅಲ್ಲಿ ಸುಮಾರು 82 ಗಂಟೆ ಹಿಡಿಯುತ್ತದೆ. ಇದು ಬೆಚ್ಚಗಿನ ನೀರಿನ ಲೆಕ್ಕ. ಹೆಪ್ಪುಗಟ್ಟುವ ಅಂಚಿನಲ್ಲಿರುವ ನೀರಿನ ಸ್ನಿಗ್ಧತೆ, ಅಂದರೆ ಚಲನೆಗೆ ಅದು ಒಡ್ಡುವ ಅಡ್ಡಿ, ಹೆಚ್ಚು ಕಡಿಮೆ ಎರಡು ಪಟ್ಟಾಗುವುದರಿಂದ ಆರು ದಿನವೇ ಬೇಕಾದೀತು. ಕಣದ ವ್ಯಾಸ ಐದನೇ ಒಂದಾದರೆ ಇಳಿಯುವ ವೇಗ ಇಪ್ಪತ್ತೈದನೇ ಒಂದಾಗುತ್ತದೆ. ಹೀಗೆ ನಿಧಾನವಾಗಿ ಇಳಿಯುವ ನಯವಾದ ಕೆಸರು ಹೊಳೆಯ ಬಾಯಿಂದ ಬಹುದೂರ ತೇಲಿಹೋಗಿ ಕೆರೆಯ ನಡುವೆ ಚಾದರದಂತೆ ಹಾಸಿಕೊಳ್ಳುತ್ತದೆ. ಶಾರ್ಪ್ ಬೆಟ್ಟದ ಬುಡದ ಮರ್ರೆ ಶಿಲಾಸಮೂಹದ ಕೆಸರುಗಲ್ಲಿನಲ್ಲಿ ಒಂದು ಮಿಲಿಮೀಟರಿಗಿಂತಲೂ ತೆಳುವಾದ ಗೆರೆಗಳು ಕಾಣುವುದು ಈ ಕಾರಣಕ್ಕೆ.

ಹರಿಯುವ ನೀರಿನ ಗುರುತೇ ಬೇರೆ. ಕ್ಯೂರಿಯಾಸಿಟಿ ಶೋಧಕ 2012ರ ಆಗಸ್ಟ್‌ನಲ್ಲಿ ಇಳಿದ ಕೆಲವೇ ವಾರಗಳಲ್ಲಿ ಉರುಟು ಹರಳುಗಳು ಬೆಸೆದುಕೊಂಡ ಕಲ್ಲನ್ನು ಕಂಡಿತು. ಅಷ್ಟು ದಪ್ಪ ಹರಳನ್ನು ಗಾಳಿ ಎತ್ತಲಾರದು. ಮೂಲೆಗಳೆಲ್ಲ ಉರುಟಾಗಬೇಕಾದರೆ ಅದು ನೀರಿನಲ್ಲಿ ಬಹುದೂರ ಉರುಳಿರಬೇಕು. ಹರಳುಗಳ ಗಾತ್ರದಿಂದ ಲೆಕ್ಕ ಹಾಕಿ, ಪಾದದ ಗಂಟಿನಿಂದ ಸೊಂಟದವರೆಗಿನ ಆಳದ ತೊರೆ ಅಲ್ಲಿ ಹರಿದಿತ್ತು ಎಂದು ವಿಜ್ಞಾನಿಗಳು ಅಂದಾಜಿಸಿದರು.

ಹೊಳೆ ಕೆರೆಗೆ ಸೇರುವಲ್ಲಿ ಮೂಡುವ ಡೆಲ್ಟಾ ಇನ್ನೂ ಹೆಚ್ಚು ಹೇಳುತ್ತದೆ. ಹೊಳೆಯ ಬಾಯಲ್ಲಿ ವೇಗ ಸತ್ತು ದಪ್ಪ ಮರಳು ಜಾರು ಬಂಡೆಯಂತೆ ಮುಂದಕ್ಕೆ ಓರೆಯಾಗಿ ಕೂರುತ್ತದೆ. ಅದರ ಮೇಲೆ ಹೊಳೆಯೇ ಹಾಸಿದ ಚಪ್ಪಟೆ ಪದರ, ಅದರ ಬುಡದಾಚೆ ಕೆರೆಯ ತಳದ ಚಪ್ಪಟೆ ಕೆಸರು. ಓರೆಪದರ ಮುಗಿದು ಮೇಲಿನ ಚಪ್ಪಟೆ ಪದರ ಶುರುವಾಗುವ ಗೆರೆಯೇ ಅಂದಿನ ನೀರಿನ ಮಟ್ಟ. 2021ರ ಫೆಬ್ರುವರಿಯಲ್ಲಿ ಜೆಜೆರೊ ಕುಳಿಯಲ್ಲಿ ಇಳಿದ ಪರ್ಸಿವಿಯರೆನ್ಸ್ ಶೋಧಕ, ಕೊಡಿಯಾಕ್ ಎಂಬ ಒಂಟಿ ಗುಡ್ಡದ ಪಕ್ಕೆಯಲ್ಲಿ ಈ ಮೂರೂ ಬಗೆಯನ್ನು ಚಿತ್ರ ತೆಗೆಯಿತು. ಅದರಿಂದ ಹೊರಬಿದ್ದ ನೀರಿನ ಮಟ್ಟ ಹಿಂದೆ ಅಂದಾಜಿಸಿದ್ದಕ್ಕಿಂತ ಸುಮಾರು 100 ಮೀಟರ್ ಕೆಳಗಿತ್ತು. ಕಕ್ಷೆಯಿಂದ ತೆಗೆದ ಚಿತ್ರಗಳಲ್ಲಿ ಈ ಗೆರೆ ಸಿಕ್ಕಿರಲಿಲ್ಲ. ಪದರಗಳನ್ನು ಮೇಲಿನಿಂದ ನೋಡುವುದಕ್ಕೂ ಪಕ್ಕದಿಂದ ನೋಡುವುದಕ್ಕೂ ಇರುವ ವ್ಯತ್ಯಾಸ ಅಷ್ಟು ದೊಡ್ಡದು.

ಗಾಳಿಯೂ ಓರೆಪದರ ಕಟ್ಟುತ್ತದೆ. ಮರಳುದಿಬ್ಬದ ಗಾಳಿಯ ಕಡೆಯ ಇಳಿಜಾರನ್ನು ಹತ್ತಿದ ಮರಳು ತುದಿ ದಾಟಿ ಇನ್ನೊಂದು ಕಡೆ ಸುಮಾರು 30 ಡಿಗ್ರಿಯ ಓರೆಯಲ್ಲಿ ಜಾರುತ್ತದೆ. ದಿಬ್ಬ ಮುಂದೆ ಸಾಗಿದಂತೆ ಓರೆಗೆರೆಗಳು ಹಿಂದೆ ಉಳಿಯುತ್ತವೆ. ಅವು ಯಾವ ಕಡೆ ಬಾಗಿವೆಯೋ ಅಂದಿನ ಗಾಳಿ ಆ ಕಡೆಗೆ ಬೀಸುತ್ತಿತ್ತು. ಡೆಲ್ಟಾದ ಓರೆಪದರವನ್ನೂ ದಿಬ್ಬದ ಓರೆಪದರವನ್ನೂ ಬೇರ್ಪಡಿಸಲು ಕಣಗಳನ್ನೇ ನೋಡಬೇಕು. ಗಾಳಿ ಕಣಗಳನ್ನು ಗಾತ್ರಕ್ಕೆ ತಕ್ಕಂತೆ ಚೊಕ್ಕವಾಗಿ ಜರಡಿ ಹಿಡಿಯುತ್ತದೆ. ಹರಳು ಬೆರೆತಿದ್ದರೆ ಅದು ನೀರಿನ ಕೆಲಸ.

ಇವೆರಡಲ್ಲದೆ ಆಕಾಶದಿಂದ ಇಳಿಯುವ ಧೂಳು, ಜ್ವಾಲಾಮುಖಿಯ ಬೂದಿ, ಧ್ರುವಗಳಲ್ಲಿ ಮಂಜು. ಉತ್ತರ ಧ್ರುವದ ಸುಮಾರು 2 ಕಿ.ಮೀ. ದಪ್ಪದ ರಾಶಿಯಲ್ಲಿ ಬಹುಪಾಲು ನೀರಿನ ಮಂಜುಗಡ್ಡೆ. ನಡುನಡುವೆ ಧೂಳು ಹೆಚ್ಚಾದಲ್ಲಿ ಗೆರೆ ಕಾಣುತ್ತದೆ. ಅಲ್ಲಿ ಸವೆತವೆಂದರೆ ಮಂಜು ನೇರವಾಗಿ ಆವಿಯಾಗುವುದು. ಅದರ ದಾರಿಯೇ ಬೇರೆ, ಇಲ್ಲಿ ಅದನ್ನು ಬಿಡೋಣ.

ಅಂಟು

ಅಂಟಿಲ್ಲದ ಮರಳು ಕಲ್ಲಲ್ಲ. ಇಂದು ಬಂದದ್ದು ನಾಳೆ ಹೋಗುತ್ತದೆ. ಭೂಮಿಯಲ್ಲಿ ಹೂಳನ್ನು ಕಲ್ಲಾಗಿಸುವಲ್ಲಿ ಮೇಲಿನ ಭಾರಕ್ಕೂ ದೊಡ್ಡ ಪಾಲಿದೆ. ಮಂಗಳದಲ್ಲಿ ಆ ಪಾಲು ಚಿಕ್ಕದು. ಘನಮೀಟರಿಗೆ 2,300 ಕಿಲೋ ತೂಗುವ ಹೂಳು 1 ಕಿ.ಮೀ. ದಪ್ಪ ಕೂತರೆ ಅಡಿಯಲ್ಲಿ ಭೂಮಿಯಲ್ಲಾದರೆ ಸುಮಾರು 22.5 ಮೆಗಾಪಾಸ್ಕಲ್ ಒತ್ತಡ, ಮಂಗಳದಲ್ಲಿ ಸುಮಾರು 8.5 ಮಾತ್ರ. ಕಣಗಳ ನಡುವಿನ ಸಂದುಗಳು ಅಷ್ಟು ಬೇಗ ಮುಚ್ಚುವುದಿಲ್ಲ. ಆದ್ದರಿಂದ ಗಟ್ಟಿತನ ಬರಬೇಕಾದರೆ ಅಂತರ್ಜಲವೇ ಬರಬೇಕು. ಅದು ಕರಗಿಸಿ ತಂದ ಖನಿಜವನ್ನು ಸಂದುಗಳಲ್ಲಿ ಬಿಟ್ಟು ಹೋಗಬೇಕು. ಜಿಪ್ಸಮ್‌ನಂಥ ಸಲ್ಫೇಟುಗಳು, ಕಬ್ಬಿಣದ ಆಕ್ಸೈಡ್ ಆದ ಹೆಮಟೈಟ್, ಸಿಲಿಕಾ, ಇವು ಮಂಗಳದ ಮುಖ್ಯ ಅಂಟುಗಳು.

ಅಂಟು ಹೇಗೆ ಪದರದ ಆಕಾರವನ್ನೇ ಬದಲಿಸುತ್ತದೆ ಎಂಬುದಕ್ಕೆ ಮೆರಿಡಿಯಾನಿ ಬಯಲಿಗಿಂತ ಒಳ್ಳೆಯ ಉದಾಹರಣೆ ನಮಗೆ ಗೊತ್ತಿಲ್ಲ. 2004ರ ಜನವರಿಯಲ್ಲಿ ಅಲ್ಲಿ ಇಳಿದ ಆಪರ್ಚುನಿಟಿ ಶೋಧಕ ಕಂಡದ್ದು ಸಲ್ಫೇಟ್ ತುಂಬಿದ ಮರಳುಗಲ್ಲು. ಮರಳನ್ನು ಗಾಳಿ ತಂದಿತ್ತು, ಅಂಟನ್ನು ಕೆಳಗಿನಿಂದ ಏರಿದ ಉಪ್ಪುನೀರು ತಂದಿತ್ತು. ಅಂತರ್ಜಲ ಎಲ್ಲಿಯವರೆಗೆ ಏರಿತೋ ಅಲ್ಲಿಯವರೆಗಿನ ಮರಳು ಒದ್ದೆಯಾಗಿ ಕಚ್ಚಿಕೊಂಡಿತು. ಅದರ ಮೇಲಿನ ಒಣಮರಳನ್ನು ಗಾಳಿ ಗುಡಿಸಿಕೊಂಡು ಹೋಯಿತು. ಹೀಗೆ ಓರೆಗೆರೆಗಳ ತಲೆಗಳನ್ನು ಒಂದೇ ಮಟ್ಟದಲ್ಲಿ ಕತ್ತರಿಸಿದಂಥ ಸಪಾಟು ಗೆರೆ ಮೂಡಿತು. ಆ ಗೆರೆ ಅಂದಿನ ಅಂತರ್ಜಲದ ಮಟ್ಟವನ್ನು ತೋರಿಸುತ್ತದೆ. ಅದೇ ಕಲ್ಲಿನೊಳಗೆ ಹೆಮಟೈಟ್ ಕೆಲವು ಮಿಲಿಮೀಟರ್ ಗಾತ್ರದ ಉರುಟು ಗುಂಡುಗಳಾಗಿ ಕಟ್ಟಿಕೊಂಡಿತ್ತು. ಸುತ್ತಲಿನ ಮೆದು ಕಲ್ಲು ಸವೆದು ಹೋದಂತೆ ಗಟ್ಟಿ ಗುಂಡುಗಳು ಉದುರಿ ನೆಲವೆಲ್ಲ ಹರಡಿದವು. ಈಗ ಅವೇ ಹಾಸು ಹಾಸಿ ಅಡಿಯ ಕಲ್ಲನ್ನು ಗಾಳಿಯಿಂದ ಒಂದಿಷ್ಟು ಕಾಪಾಡುತ್ತಿವೆ.

ಅಂಟು ಯಾವಾಗ ಬಂತು ಎಂಬುದನ್ನು ಕತ್ತರಿಸುವ ಕ್ರಮ ಹೇಳುತ್ತದೆ. ಗೇಲ್ ಕುಳಿಯ ಕೆಸರುಗಲ್ಲಿನಲ್ಲಿ ಕ್ಯಾಲ್ಸಿಯಂ ಸಲ್ಫೇಟಿನ ಬಿಳಿ ನಾಳಗಳು ಪದರಗಳನ್ನು ಅಡ್ಡಡ್ಡ ಸೀಳಿ ಹೋಗಿವೆ. ಕೆಸರು ಮೆದುವಾಗಿದ್ದರೆ ಹೀಗೆ ಬಿರಿಯುತ್ತಿರಲಿಲ್ಲ. ಅಂದರೆ ಕೆಸರು ಕಲ್ಲಾದ ಮೇಲೆ, ಕೆರೆ ಬತ್ತಿದ ನಂತರವೂ, ನೆಲದೊಳಗೆ ನೀರು ಓಡಾಡುತ್ತಿತ್ತು. ಬಿರುಕುಗಳ ಆಕಾರದಲ್ಲೂ ಸುಳಿವಿದೆ. ಕೆಸರು ಒಮ್ಮೆ ಒಣಗಿದರೆ ಬಿರುಕುಗಳು ಒಂದಕ್ಕೊಂದು ನೇರವಾಗಿ, 90 ಡಿಗ್ರಿಯಲ್ಲಿ ಕೂಡುತ್ತವೆ. ಮತ್ತೆ ಮತ್ತೆ ನೆನೆದು ಒಣಗಿದರೆ ಕೂಡುಗಳು 120 ಡಿಗ್ರಿಗೆ ತಿರುಗಿ ಆರು ಮೂಲೆಯ ಜೇನುಗೂಡಿನ ಜಾಲವಾಗುತ್ತದೆ. ಗೇಲ್ ಕುಳಿಯಲ್ಲಿ ಸಿಕ್ಕ ಇಂಥ ಆರುಮೂಲೆಯ ಜಾಲದ ವಿವರ 2023ರಲ್ಲಿ ಪ್ರಕಟವಾಯಿತು. ನೆನೆಯುವ, ಒಣಗುವ ಋತುಗಳು ಅಲ್ಲಿ ಸುತ್ತಿ ಸುತ್ತಿ ಬಂದಿದ್ದವು ಎನ್ನಲು ಇದು ಬಲವಾದ ಸಾಕ್ಷಿ.

ಅಂಟಿನ ಗಟ್ಟಿತನವನ್ನು ಅಳೆಯಲು ಶೋಧಕದ ಡ್ರಿಲ್ ಒಂದು ಒರಟು ಮಾಪಕ. ಕ್ಯೂರಿಯಾಸಿಟಿಯ ಬಿಟ್ (ಡ್ರಿಲ್ಲಿನ ಮೊನೆ) ಕೊರೆಯುವ ತೂತು 1.6 ಸೆಂ.ಮೀ. ಅಗಲ, ಸುಮಾರು 6.5 ಸೆಂ.ಮೀ. ಆಳ. 2016ರ ಡಿಸೆಂಬರಿನಲ್ಲಿ ಬಿಟ್ಟನ್ನು ಮುಂದೆ ತಳ್ಳುವ ಮೋಟಾರು ಕೈಕೊಟ್ಟಿತು. ಬಿಟ್ಟನ್ನು ಹೊರಚಾಚಿಯೇ ಇಟ್ಟು, ತೋಳಿನ ಬಲದಿಂದ ಒತ್ತಿ ಕೊರೆಯುವ ಹೊಸ ಕ್ರಮ 2018ರ ಮೇ ತಿಂಗಳಲ್ಲಿ ಕೈಗೂಡಿತು. ಅದೇ ವರ್ಷ ಹೆಮಟೈಟ್ ತುಂಬಿದ ವೆರಾ ರೂಬಿನ್ ಏಣಿನ ಮೇಲೆ ಎರಡು ಕಡೆ ಬಿಟ್ ಬೇಕಾದಷ್ಟು ಆಳ ಇಳಿಯಲೇ ಇಲ್ಲ. ಕಲ್ಲು ಅಷ್ಟು ಗಟ್ಟಿ. ಸುತ್ತಲಿನ ಕಲ್ಲು ಸವೆದು ತಗ್ಗಾದರೂ ಅದು ಏಣಾಗಿ ಉಳಿದದ್ದು ಯಾಕೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಆ ತೂತುಗಳಲ್ಲೇ ಇದೆ.

ಕೊರೆತ

ಮಂಗಳದ ಗಾಳಿ ತೀರ ತೆಳು. ನೆಲಮಟ್ಟದಲ್ಲಿ ಅದರ ಸಾಂದ್ರತೆ ಘನಮೀಟರಿಗೆ ಸುಮಾರು 0.02 ಕಿಲೋ, ಭೂಮಿಯದರ ಅರವತ್ತನೇ ಒಂದು. ಗಾಳಿಯ ತಳ್ಳು ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಅಷ್ಟೇ ತಳ್ಳು ಬೇಕಾದರೆ ಗಾಳಿ ಏಳೆಂಟು ಪಟ್ಟು ವೇಗವಾಗಿ ಬೀಸಬೇಕು. ನಿಂತ ಮರಳನ್ನು ಎಬ್ಬಿಸುವುದು ಅಲ್ಲಿ ಕಷ್ಟ. ಆದರೆ ಒಮ್ಮೆ ಎದ್ದ ಕಣವನ್ನು ಗುರುತ್ವ ಬೇಗ ಕೆಳಗೆಳೆಯುವುದಿಲ್ಲ. ಅದು ಎತ್ತರಕ್ಕೆ, ದೂರಕ್ಕೆ ನೆಗೆದು ಬಿದ್ದಾಗ ಇನ್ನಷ್ಟು ಕಣಗಳನ್ನು ಚಿಮ್ಮಿಸುತ್ತದೆ. ಹೀಗಾಗಿ ಎಬ್ಬಿಸಲು ಬೇಕಾದ ಗಾಳಿಗಿಂತ ಬಹಳ ಮೆಲ್ಲಗಿನ ಗಾಳಿಯಲ್ಲೂ ಓಟ ಮುಂದುವರಿಯುತ್ತದೆ. ಗೇಲ್ ಕುಳಿಯ ಬ್ಯಾಗ್ನಾಲ್ಡ್ ದಿಬ್ಬಗಳು ಇಂದಿಗೂ ಸಾಗುತ್ತಿವೆ.

ಕಲ್ಲನ್ನು ಸವೆಸುವುದು ಗಾಳಿಯಲ್ಲ, ಗಾಳಿ ಹೊತ್ತ ಮರಳು. ಮರಳಿಲ್ಲದ ಗಾಳಿ ಹುಡಿ ಉದುರಿದ ಉಪ್ಪುಕಾಗದ ಇದ್ದಂತೆ, ಉಜ್ಜಿದರೂ ಏನೂ ಆಗದು. ಮರಳು ವಿಪರೀತವಾದರೂ ಕೆಲಸ ನಿಲ್ಲುತ್ತದೆ, ಬುಡವನ್ನು ಅದೇ ಹೂತುಬಿಡುತ್ತದೆ. ಎರಡರ ನಡುವಿನ ಹದದಲ್ಲಿ ಮಾತ್ರ ಕೊರೆತ ಜೋರು. ನೆಗೆಯುವ ಮರಳು ನೆಲಕ್ಕೆ ಹತ್ತಿರದಲ್ಲೇ ಹೆಚ್ಚು ಹೊಡೆಯುವುದರಿಂದ ಪದರಗಳ ರಾಶಿ ಮೇಲಿನಿಂದ ಕರಗುವುದಕ್ಕಿಂತ ಬುಡದಿಂದ ಹಿಂದೆ ಸರಿಯುವುದೇ ಹೆಚ್ಚು. ಕೆಳಗಿನ ಮೆದು ಪದರ ಒಳಕ್ಕೆ ತೂತಾಗುತ್ತದೆ, ಮೇಲಿನ ಗಟ್ಟಿ ಪದರ ಚಾಚಿಕೊಂಡು ನಿಲ್ಲುತ್ತದೆ, ಆಸರೆ ತಪ್ಪಿ ಮುರಿದು ಬೀಳುತ್ತದೆ, ಬಿದ್ದ ತುಂಡನ್ನು ಮರಳು ಅರೆಯುತ್ತದೆ. ಗಟ್ಟಿ, ಮೆದು ಸರದಿಯಲ್ಲಿ ಬಂದರೆ ಇಳಿಜಾರು ಮೆಟ್ಟಿಲಾಗುತ್ತದೆ.

ಇನ್ನೊಂದು ಮಾತು ಮರೆಯಬಾರದು: ಸವೆದದ್ದು ಅಲ್ಲಿಂದ ಹೋಗಲೂ ಬೇಕು. ಅದನ್ನು ಕೊಚ್ಚಿಕೊಂಡು ಹೋಗಲು ಈಗ ಮಂಗಳದಲ್ಲಿ ಹೊಳೆಯಿಲ್ಲ. ಕೆಸರುಗಲ್ಲು ಒಡೆದರೆ ಧೂಳಾಗುತ್ತದೆ, ಆ ಧೂಳನ್ನು ಗಾಳಿ ಕುಳಿಯ ಗೋಡೆ ಹಾರಿಸಿ ಗ್ರಹದ ತುಂಬ ಹರಡಬಲ್ಲದು. ಲಾವಾ ಕಲ್ಲು ಒಡೆದರೆ ಬಂಡೆಗಳಾಗಿ ಬುಡದಲ್ಲೇ ಬಿದ್ದು ಕಾವಲಿಗೆ ನಿಲ್ಲುತ್ತದೆ. ಆದ್ದರಿಂದಲೇ ಕಕ್ಷೆಯ ಚಿತ್ರಗಳಲ್ಲಿ ಕಡಿದಾದ ಪದರದ ಬುಡದಲ್ಲಿ ಬಂಡೆಗಳೇ ಇಲ್ಲದಿದ್ದರೆ ಅದು ನಯವಾದ ಕಣದ ಮೆದು ಕಲ್ಲು ಎಂಬ ಗುಮಾನಿ ಬಲವಾಗುತ್ತದೆ.

ಕೊರೆತದ ವೇಗಕ್ಕೆ ನೆನಪಿನಲ್ಲಿಡಬೇಕಾದ ಅಳತೆ ಹೀಗೆ: ವರ್ಷಕ್ಕೆ 1 ನ್ಯಾನೋಮೀಟರ್ ಸವೆದರೆ 100 ಕೋಟಿ ವರ್ಷಕ್ಕೆ 1 ಮೀಟರ್, ವರ್ಷಕ್ಕೆ 1 ಮೈಕ್ರೋಮೀಟರ್ ಆದರೆ 1 ಕಿಲೋಮೀಟರ್. ಗಟ್ಟಿ ಲಾವಾ ಬಯಲುಗಳು ಮೊದಲನೆಯದಕ್ಕಿಂತಲೂ ನಿಧಾನ. ಮರಳು ಓಡಾಡುವ ಕಡೆಯ ಮೆದು ಪದರಗಳು ಎರಡನೆಯದರ ಹತ್ತಿರ ಹೋಗಬಲ್ಲವು. ಗೇಲ್ ಕುಳಿಯ ಯೆಲ್ಲೋನೈಫ್ ಕೊಲ್ಲಿಯಲ್ಲಿ ಇದನ್ನು ನೇರವಾಗಿ ಅಳೆಯಲಾಯಿತು. ಕಾಸ್ಮಿಕ್ ಕಿರಣಗಳು ಕಲ್ಲಿನ ಮೇಲಿನ ಎರಡು ಮೂರು ಮೀಟರಿನೊಳಗೆ ಹೀಲಿಯಂ-3, ನಿಯಾನ್-21ರಂಥ ಅನಿಲಗಳನ್ನು ಹುಟ್ಟಿಸುತ್ತವೆ. ಕೊರೆದ ಪುಡಿಯನ್ನು ಕಾಯಿಸಿ ಆ ಅನಿಲ ಅಳೆದಾಗ ಕಲ್ಲು ಬಯಲಿಗೆ ಬಂದು ಸುಮಾರು 7.8 ಕೋಟಿ ವರ್ಷವಾಗಿದೆ ಎಂದು ತಿಳಿಯಿತು, 3 ಕೋಟಿ ಅತ್ತಿತ್ತ. ಅದೇ ಪುಡಿಯಲ್ಲಿ ಪೊಟ್ಯಾಸಿಯಂ ನಿಧಾನವಾಗಿ ಆರ್ಗಾನ್ ಆಗುವ ಲೆಕ್ಕದಿಂದ ಬಂದ ಕಣಗಳ ವಯಸ್ಸು ಸುಮಾರು 421 ಕೋಟಿ ವರ್ಷ. ಇದು ಹೂಳು ಕೂತ ಕಾಲವಲ್ಲ, ಕಣಗಳು ಬಂದ ಮೂಲ ಬಂಡೆಯ ಕಾಲ. ಒಂದೇ ಚಿಟಿಕೆ ಪುಡಿಯಲ್ಲಿ ಎರಡು ವಯಸ್ಸು, ಕೆರೆಯ ವಯಸ್ಸು ಎರಡರಲ್ಲೂ ಇಲ್ಲ.

ಹೊಳೆಪಾತ್ರಗಳ ವಿಷಯದಲ್ಲಿ ಕೊರೆತ ತಲೆಕೆಳಗು ಮಾಡಿಬಿಡುತ್ತದೆ. ಪಾತ್ರದಲ್ಲಿ ಜಲ್ಲಿ ಕೂತು ಅಂಟಿ ಗಟ್ಟಿಯಾದರೆ, ಎರಡೂ ದಡದ ಮೆದು ಕೆಸರು ಸವೆದು ಹೋದ ಮೇಲೆ ತಗ್ಗಾಗಿದ್ದ ಹೊಳೆ ದಿಬ್ಬವಾಗಿ ಎದ್ದು ನಿಲ್ಲುತ್ತದೆ. ಎಬರ್ಸ್‌ವಾಲ್ಡ್ ಕುಳಿಯ ಡೆಲ್ಟಾದ ಕವಲುಗಳು ಹೀಗೆ ಎದ್ದು ಕಾಣುತ್ತವೆ.

ಓದುವಲ್ಲಿ ಎಡವುವುದು

ಪದರದ ದಪ್ಪ ಅಳೆಯುವಾಗ ಸಾಮಾನ್ಯವಾಗಿ ಆಗುವ ತಪ್ಪು ಓರೆಯನ್ನು ಮರೆಯುವುದು. ನಕ್ಷೆಯಲ್ಲಿ 10 ಮೀಟರ್ ಅಗಲ ಕಾಣುವ ಪದರ 15 ಡಿಗ್ರಿ ಇಳಿಜಾರಿನಲ್ಲಿದೆ ಎಂದುಕೊಳ್ಳಿ. ಪದರ ಸಮತಟ್ಟಾಗಿದ್ದರೆ ದಪ್ಪ 2.68 ಮೀಟರ್. ಅದೇ ಪದರ ಇಳಿಜಾರಿನ ಕಡೆಗೇ 3 ಡಿಗ್ರಿ ಬಾಗಿದ್ದರೆ ದಪ್ಪ 2.15 ಮೀಟರ್ ಮಾತ್ರ. ಬರೀ 3 ಡಿಗ್ರಿಗೆ ಸುಮಾರು ಶೇ 25ರಷ್ಟು ತಪ್ಪು. ಆದ್ದರಿಂದ ಒಂದೇ ಜಾಗದ ಎರಡು ಕೋನದ ಚಿತ್ರಗಳಿಂದ ಎತ್ತರದ ನಕ್ಷೆ ಮಾಡಿ, ಪದರದ ಗೆರೆಯ ಮೇಲೆ ಸಾಲಾಗಿ ಬಿಂದುಗಳನ್ನಿಟ್ಟು, ಅವುಗಳ ಮೂಲಕ ಹಾಯುವ ಸಮತಲವನ್ನು ಹುಡುಕಬೇಕು. ಬಿಂದುಗಳೆಲ್ಲ ಒಂದೇ ನೇರದಲ್ಲಿದ್ದರೆ ಬಾಗು ಸಿಗದು. ಗೆರೆ ಗುಡ್ಡದ ಮೂಲೆಯನ್ನು ಸುತ್ತಿ ಬರುವ ಕಡೆಯನ್ನೇ ಆರಿಸಬೇಕು.

ಹೀಗೆ ಜಾಗ್ರತೆಯಿಂದ ಅಳೆದಾಗಲೇ ಮಂಗಳದ ಅರೇಬಿಯಾ ಟೆರಾ ಪ್ರದೇಶದ ಬೆಕರೆಲ್ ಕುಳಿಯ ಲಯ ಹೊರಬಿತ್ತು. ಅಲ್ಲಿ ಸರಾಸರಿ 3.6 ಮೀಟರ್ ದಪ್ಪದ ಪದರಗಳು, ಹತ್ತು ಹತ್ತರ ಕಟ್ಟು. ಮಂಗಳದ ಅಕ್ಷದ ವಾಲು ಸುಮಾರು 1.2 ಲಕ್ಷ ವರ್ಷಕ್ಕೊಮ್ಮೆ ತೂಗುತ್ತದೆ, ಆ ತೂಗಿನ ಹರವು ಸುಮಾರು 12 ಲಕ್ಷ ವರ್ಷಕ್ಕೊಮ್ಮೆ ಹಿಗ್ಗಿ ಕುಗ್ಗುತ್ತದೆ. ಹತ್ತಕ್ಕೊಂದರ ಲೆಕ್ಕ ಎರಡರಲ್ಲೂ ಹೊಂದಿದ್ದನ್ನು 2008ರಲ್ಲಿ ಪ್ರಕಟಿಸಿದರು. ಈ ಹೊಂದಿಕೆ ಸರಿಯಾದರೆ ಅಲ್ಲಿ ಹೂಳು ಕೂತ ವೇಗ ವರ್ಷಕ್ಕೆ 0.03 ಮಿ.ಮೀ. ಕೆರೆಗೆ ಇದು ತೀರ ನಿಧಾನ, ಧೂಳಿಗೆ ಒಪ್ಪುವ ವೇಗ.

ಕುಳಿಗಳು ಹೆಚ್ಚಿದ್ದಷ್ಟೂ ನೆಲ ಹಳೆಯದು ಎಂದು ಮೆದು ಪದರದ ವಯಸ್ಸನ್ನು ಕುಳಿಗಳ ಎಣಿಕೆಯಿಂದ ಹೇಳುವುದೂ ಅಪಾಯ. ಚಿಕ್ಕ ಕುಳಿಗಳನ್ನು ಮರಳು ಉಜ್ಜಿ ಅಳಿಸಿಬಿಡುವುದರಿಂದ ಮುನ್ನೂರು ಕೋಟಿ ವರ್ಷ ಹಳೆಯ ಕಲ್ಲಿಗೂ ಎಳೆಯ ಮುಖ ಇರುತ್ತದೆ. ಎಣಿಕೆಯಿಂದ ಸಿಗುವುದು ಮುಖದ ವಯಸ್ಸು.

ಶಾರ್ಪ್ ಬೆಟ್ಟದ ತೊಡಕಿಗೆ ಮರಳೋಣ. ಕುಳಿ ತುಂಬಿ ಆಮೇಲೆ ಸವೆದಿದ್ದರೆ ಪದರಗಳು ಹೆಚ್ಚು ಕಡಿಮೆ ಸಮತಟ್ಟಾಗಿರಬೇಕು. ಕುಳಿಯ ಗೋಡೆಗಳಿಂದ ಇಳಿಯುವ ಗಾಳಿ ಅಂಚನ್ನು ಗುಡಿಸುತ್ತ ನಡುವೆ ಧೂಳನ್ನು ಪೇರಿಸಿದ್ದರೆ ಪದರಗಳು ನಡುವಿನಿಂದ ಹೊರಕ್ಕೆ ಬಾಗಿರಬೇಕು. ಕಕ್ಷೆಯಿಂದ ಅಳೆದಾಗ ಹೊರಕ್ಕೆ ಸುಮಾರು 3 ಡಿಗ್ರಿ ಬಾಗು ಕಂಡಿತು. ಆದರೆ ಬುಡದಲ್ಲಿ ಕ್ಯೂರಿಯಾಸಿಟಿ ಕಂಡದ್ದು ಸುಮಾರು ಸಮತಟ್ಟಾದ ಕೆರೆಯ ಕೆಸರು. 2019ರಲ್ಲಿ ಶೋಧಕದ ಓಡಾಟಕ್ಕೆಂದು ಇದ್ದ ವೇಗೋತ್ಕರ್ಷ ಮಾಪಕಗಳಿಂದಲೇ ಗುರುತ್ವ ಅಳೆದು, ಅಡಿಯ ಕಲ್ಲಿನ ಸಾಂದ್ರತೆ ಘನಮೀಟರಿಗೆ ಸುಮಾರು 1,680 ಕಿಲೋ ಎಂದು ಲೆಕ್ಕ ಹಾಕಿದರು. ಅಷ್ಟು ಹಗುರವೆಂದರೆ ಸಂದುಗಳು ಇನ್ನೂ ತೆರೆದೇ ಇವೆ, ಮೇಲೆ ಐದು ಕಿಲೋಮೀಟರ್ ಭಾರ ಕೂತಿರಲಿಕ್ಕಿಲ್ಲ. ಬುಡವನ್ನು ಕೆರೆ, ಮೇಲಿನ ಭಾಗವನ್ನು ಗಾಳಿ ಕಟ್ಟಿತು ಎಂಬ ನಡುದಾರಿಯ ಕಡೆಗೇ ನಮ್ಮ ಒಲವು. ಬೆಟ್ಟದ ಬದಿಯಲ್ಲಿ ಇದಕ್ಕೆ ಸಾಕ್ಷಿಯಾಗಿ ಒಂದು ಗೆರೆಯೂ ಇದೆ. ಮರ್ರೆಯ ಕೆಸರುಗಲ್ಲು ಸವೆದು ಏರುಪೇರಾದ ಮೇಲೆ, ಆ ಸವೆದ ಮುಖದ ಮೇಲೆಯೇ ಸ್ಟಿಮ್ಸನ್ ಎಂಬ ದಿಬ್ಬಮರಳಿನ ಕಲ್ಲು ಕೂತಿದೆ. ಕಟ್ಟುವುದು, ಕೊರೆಯುವುದು, ಮತ್ತೆ ಕಟ್ಟುವುದು ಅಲ್ಲಿ ಒಮ್ಮೆ ಮುಗಿದ ಕೆಲಸವಲ್ಲ.

ಬೆಟ್ಟ ಹತ್ತುತ್ತಿರುವ ಕ್ಯೂರಿಯಾಸಿಟಿ 2025ರಲ್ಲಿ ಸಲ್ಫೇಟ್ ಪದರಗಳ ನಡುವೆ ಬಲೆಯಂತೆ ಹೆಣೆದ ಏಣುಗಳನ್ನು ತಲುಪಿತು. ಒಂದೆರಡು ಮೀಟರ್ ಎತ್ತರದ ಏಣುಗಳು, ನಡುವೆ ಮರಳು ತುಂಬಿದ ತಗ್ಗುಗಳು. ಹಿಂದೆ ಕಲ್ಲು ಬಿರಿದ ಕಡೆ ಅಂತರ್ಜಲ ಹರಿದು ಖನಿಜ ಬಿಟ್ಟಿತ್ತು. ಬಿರುಕಿನ ಸುತ್ತ ಕಲ್ಲು ಗಟ್ಟಿಯಾಯಿತು, ನಡುವಿನದು ಮೆದುವಾಗಿಯೇ ಉಳಿಯಿತು. ಮೆದುವನ್ನು ಗಾಳಿ ತಿಂದಿದೆ, ಅಂಟು ನಿಂತಿದೆ.